ಇಂಗ್ಲಿಷಿನ ಅನಿಯಮಿತ ಕ್ರಿಯಾಪದಗಳು: ತಿದ್ದಬೇಕಾದದ್ದು ಯಾವುದನ್ನು?

ಜೂನ್ ತಿಂಗಳಲ್ಲಿ ಶಾಲೆ ತೆರೆದು ಎರಡು ಮೂರು ವಾರ ಕಳೆಯುವಷ್ಟರಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಳೆಯ ಸದ್ದನ್ನೂ ಮೀರಿ ಒಂದು ಬಾಯಿಪಾಠ ಕೇಳಿಬರುತ್ತದೆ: ಗೋ–ವೆಂಟ್–ಗಾನ್, ಕಮ್–ಕೇಮ್–ಕಮ್, ಈಟ್–ಏಟ್–ಈಟನ್. ಹಿಂದಿನ ತಲೆಮಾರಿನವರು ಮಗ್ಗಿ ಒಪ್ಪಿಸುತ್ತಿದ್ದ ರಾಗದಲ್ಲಿಯೇ ಈಗಿನ ಮಕ್ಕಳು ಇಂಗ್ಲಿಷ್ ಕ್ರಿಯಾಪದಗಳ ಮೂರು ರೂಪಗಳನ್ನು ಒಪ್ಪಿಸುತ್ತಾರೆ. ಮಗ್ಗಿಯಲ್ಲಿ ಮರೆತದ್ದನ್ನು ಕೂಡಿಸಿಯಾದರೂ ಕಂಡುಕೊಳ್ಳಬಹುದು, ಈ ಪಟ್ಟಿಯಲ್ಲಿ ಮರೆತರೆ ಮರೆತಂತೆಯೇ ಎಂಬುದು ಮಕ್ಕಳ ದೂರು. ಕಲಿಸುವ ಮಾಸ್ತರರು, ಅಕ್ಕೋರುಗಳ ದೂರೂ ಬಹುಮಟ್ಟಿಗೆ ಅದೇ. ಪ್ಲೇ ಎಂಬುದು ಪ್ಲೇಡ್ ಆಗುವುದಾದರೆ ಗೋ ಎಂಬುದು ಗೋಡ್ ಎಂದೇಕೆ ಆಗಬಾರದು, ಕುಕ್ ಎಂಬುದು ಕುಕ್ಡ್ ಆಗುವಾಗ ಟೇಕ್ ಮಾತ್ರ ಟುಕ್ ಆಗಬೇಕೆಂದು ಹಟ ಹಿಡಿಯುವುದೇಕೆ, ಎಲ್ಲದಕ್ಕೂ ಕೊನೆಗೆ ‘ಇ-ಡಿ’ ಹಚ್ಚಿ ಒಂದೇ ನಿಯಮಕ್ಕೆ ತಂದುಬಿಟ್ಟರೆ ಯಾರ ಗಂಟೇನು ಹೋಗುತ್ತದೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ಈ ಪ್ರಶ್ನೆಯನ್ನು ಮಕ್ಕಳ ತುಂಟತನವೆಂದು ತಳ್ಳಿಹಾಕುವಂತಿಲ್ಲ. ಇಂಗ್ಲಿಷನ್ನು ಮನೆಮಾತಾಗಿ ಆಡುವವರಿಗಿಂತ ಶಾಲೆಯಲ್ಲಿ, ಕೆಲಸದಲ್ಲಿ, ಪೇಟೆಯಲ್ಲಿ ಕಲಿತು ಆಡುವವರ ಸಂಖ್ಯೆ ಇಂದು ಜಗತ್ತಿನಲ್ಲಿ ಹೆಚ್ಚಾಗಿದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತಿರುವುದರಿಂದ, ಮನೆಯಲ್ಲಿ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಹಾಲಕ್ಕಿ ಒಕ್ಕಲಿಗರ ಮಾತನ್ನೋ ಆಡುವ ಮಗುವೂ ಆರರ ಹರೆಯಕ್ಕೇ ಇಂಗ್ಲಿಷಿನೊಡನೆ ಮುಖಾಮುಖಿಯಾಗುತ್ತದೆ. ಬಳಸುವವರಲ್ಲಿ ಬಹುಸಂಖ್ಯಾತರು ಕಲಿತವರೇ ಆಗಿರುವಾಗ ಕಲಿಯುವವರ ಅನುಕೂಲಕ್ಕೆ ತಕ್ಕಂತೆ ಭಾಷೆ ಏಕೆ ಬದಲಾಗಬಾರದು ಎಂಬುದು ನ್ಯಾಯವಾಗಿಯೇ ಕೇಳಬಹುದಾದ ಮಾತು. ಆದರೂ ಅಪ್ಪಣೆ ಹೊರಡಿಸಿ ಈ ಕ್ರಿಯಾಪದಗಳನ್ನು ನೇರಗೊಳಿಸುವುದರಿಂದ ಯಾರ ಭಾರ ಇಳಿಯಬೇಕೆಂದು ನಾವು ಬಯಸುತ್ತೇವೆಯೋ ಅವರ ತಲೆಯ ಮೇಲೆಯೇ ಭಾರ ಇಮ್ಮಡಿಯಾಗುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ. ಕಾರಣಗಳನ್ನು ನೋಡುವ ಮೊದಲು ಈ ವಕ್ರತೆ ಬಂದದ್ದೆಲ್ಲಿಂದ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ.

ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾಪದಗಳ ಎರಡು ದೊಡ್ಡ ಬಳಗಗಳಿದ್ದವು. ಒಂದು ಬಳಗ ಭೂತಕಾಲವನ್ನು ಪದದೊಳಗಿನ ಸ್ವರವನ್ನು ಬದಲಿಸಿ ಹೇಳುತ್ತಿತ್ತು. ಸಿಂಗ್–ಸ್ಯಾಂಗ್–ಸಂಗ್, ಡ್ರಿಂಕ್–ಡ್ರ್ಯಾಂಕ್–ಡ್ರಂಕ್ ಅದರ ಉಳಿದ ಕುಡಿಗಳು. ಈ ಸ್ವರಪಲ್ಲಟ ಬಹಳ ಪುರಾತನವಾದದ್ದು; ಸಂಸ್ಕೃತ ವ್ಯಾಕರಣದಲ್ಲಿ ಗುಣ, ವೃದ್ಧಿ ಎಂದು ನಾವು ಓದುವ ಸ್ವರವ್ಯತ್ಯಾಸಕ್ಕೂ ಇದಕ್ಕೂ ಮೂಲ ಒಂದೇ. ಹಳೆಯ ಇಂಗ್ಲಿಷಿನಲ್ಲಿ ಇವು ಏಳು ವರ್ಗಗಳಾಗಿ, ತಕ್ಕಮಟ್ಟಿಗೆ ಕ್ರಮಬದ್ಧವಾಗಿಯೇ ಇದ್ದವು. ಇನ್ನೊಂದು ಬಳಗ ಪದದ ಕೊನೆಗೆ ದಕಾರದಂಥ ಒಂದು ಧ್ವನಿಯನ್ನು ಸೇರಿಸಿಕೊಳ್ಳುತ್ತಿತ್ತು. ಇಂದಿನ ‘ಇ-ಡಿ’ ಅದರದೇ ಮುಂದುವರಿಕೆ. ಶತಮಾನಗಳು ಉರುಳಿದಂತೆ ಎರಡನೆಯ ಬಳಗ ಬೆಳೆಯಿತು, ಮೊದಲನೆಯದು ಕರಗಿತು. ಇಂದು ಹೆಲ್ಪ್ಡ್ ಎನ್ನುವುದು ಹಿಂದೆ ಹೋಲ್ಪ್ ಆಗಿತ್ತು, ಕ್ಲೈಮ್ಡ್ ಎನ್ನುವುದು ಕ್ಲೋಮ್ ಆಗಿತ್ತು. ಬೇಕ್, ಲಾಫ್ ಮೊದಲಾದವು ಸಹ ಒಂದು ಕಾಲಕ್ಕೆ ಸ್ವರ ಬದಲಿಸುತ್ತಿದ್ದ ಪದಗಳೇ. ಇವನ್ನು ಯಾವ ಸಭೆಯೂ ಕುಳಿತು ತಿದ್ದಲಿಲ್ಲ.

ಅನಿಯಮಿತವೆಂದು ನಾವು ದೂರುವ ಪದಗಳೆಲ್ಲ ಆ ಹಳೆಯ ಬಳಗದವೇ ಎಂದುಕೊಂಡರೆ ಮಾತ್ರ ತಪ್ಪಾಗುತ್ತದೆ. ಮೇಕ್ ಎಂಬುದರ ಭೂತರೂಪ ಮೊದಲು ದಕಾರವನ್ನು ಹಚ್ಚಿಕೊಂಡ ನೇರವಾದ ರೂಪವೇ ಆಗಿತ್ತು. ಬಾಯಿಂದ ಬಾಯಿಗೆ ಸಾಗುತ್ತ ನಡುವಿನ ಕಕಾರ ಸವೆದು ಮೇಡ್ ಆಯಿತು. ಹ್ಯಾವ್ ಎಂಬುದು ಹ್ಯಾಡ್ ಆದದ್ದೂ ಹೀಗೆಯೇ. ಕೀಪ್, ಸ್ಲೀಪ್, ವೀಪ್ ಎಂಬವುಗಳಲ್ಲಿ ಕೊನೆಗೆ ಎರಡು ವ್ಯಂಜನಗಳು ಒತ್ತಿ ಬಂದಾಗ ಹಿಂದಿನ ದೀರ್ಘಸ್ವರ ಗಿಡ್ಡವಾಗಿ ಕೆಪ್ಟ್, ಸ್ಲೆಪ್ಟ್, ವೆಪ್ಟ್ ಆದವು. ಕಟ್, ಪುಟ್, ಹಿಟ್, ಶಟ್ ಎಂಬವು ಮೊದಲೇ ಟಕಾರದಲ್ಲಿ ಮುಗಿಯುವುದರಿಂದ ಹಚ್ಚಿದ ಪ್ರತ್ಯಯವನ್ನು ನುಂಗಿಕೊಂಡು ಮೂರು ಕಾಲಕ್ಕೂ ಒಂದೇ ರೂಪದಲ್ಲಿ ಉಳಿದವು. ನಿಯಮಿತವಾದದ್ದೇ ಬಳಕೆಯಲ್ಲಿ ಸವೆದು ಅನಿಯಮಿತವಾಗುತ್ತದೆ ಎಂಬ ಈ ಸಂಗತಿ ಸುಧಾರಣಾವಾದಿಗಳಿಗೆ ದೊಡ್ಡ ತೊಡಕು. ಇಂದು ಎಲ್ಲವನ್ನೂ ನೇರ ಮಾಡಿಟ್ಟರೂ ನಾಲಿಗೆ ಸುಮ್ಮನಿರುವುದಿಲ್ಲ. ಹೆಚ್ಚು ಆಡುವ ಪದಗಳನ್ನು ಅದು ಮತ್ತೆ ಸವೆಸಲು ತೊಡಗುತ್ತದೆ.

ಇದಕ್ಕೆ ಸಾಕ್ಷಿಯನ್ನು ಇಂಗ್ಲೆಂಡಿನಿಂದಲೇ ತರಿಸಬೇಕಾಗಿಲ್ಲ. ಕನ್ನಡದಲ್ಲಿ ಬರು, ತರು ಎಂಬವು ಬಂದ, ತಂದ ಆಗುತ್ತವೆ. ಹೊರು, ಹೆರು ಎಂಬವು ಹೊತ್ತ, ಹೆತ್ತ ಆಗುತ್ತವೆ. ಇರು ಎಂಬುದು ಇವೆರಡನ್ನೂ ಬಿಟ್ಟು ಇದ್ದ ಆಗುತ್ತದೆ. ಐದೂ ‘ರು’ಕಾರದಲ್ಲಿ ಕೊನೆಗೊಳ್ಳುವ ಎರಡಕ್ಷರದ ಧಾತುಗಳು, ದಾರಿ ಮಾತ್ರ ಮೂರು. ಸಾಗು ಎಂಬುದು ಸಾಗಿದ, ಕೂಗು ಎಂಬುದು ಕೂಗಿದ, ಬಾಗು ಎಂಬುದು ಬಾಗಿದ ಆಗುವ ಭಾಷೆಯಲ್ಲಿ ಆಗು ಎಂಬುದು ಆದ, ಹೋಗು ಎಂಬುದು ಹೋದ ಆಗುತ್ತದೆ. ನಿಲ್ಲು ಎಂದರೆ ನಿಂತ, ಕೊಲ್ಲು ಎಂದರೆ ಕೊಂದ, ಗೆಲ್ಲು ಎಂದರೆ ಗೆದ್ದ. ಕೈಗಾದ ಅಣುಸ್ಥಾವರಕ್ಕೋ ಕಾರವಾರದ ನೌಕಾನೆಲೆಗೋ ವರ್ಗವಾಗಿ ಬಂದ ಉತ್ತರದ ಕಡೆಯವರು ಕನ್ನಡ ಕಲಿಯಲು ಕುಳಿತಾಗ ಈ ಪಟ್ಟಿ ಅವರಿಗೆ ಗೋ–ವೆಂಟ್‌ಗಿಂತ ಸುಲಭವಾಗಿಯೇನೂ ಕಾಣುವುದಿಲ್ಲ. ಅವರ ಅನುಕೂಲಕ್ಕಾಗಿ ‘ಅವನು ಬರಿದನು, ಹೋಗಿದನು, ನಿಲ್ಲಿದನು’ ಎಂದು ನಾವೆಲ್ಲ ಇನ್ನು ಮುಂದೆ ಆಡೋಣವೆಂದರೆ ಒಪ್ಪುವವರು ಯಾರು? ಹೊಸಬರು ಹಾಗೆ ಆಡಿದರೆ ಮುಗುಳ್ನಕ್ಕು ಅರ್ಥ ಮಾಡಿಕೊಳ್ಳುತ್ತೇವೆ, ಅಷ್ಟೇ.

ಘಟ್ಟದ ಮೇಲಿನ ಹವ್ಯಕರ ಮನೆಮಾತಿನಲ್ಲಿ ಇದೇ ಸಂಗತಿಯನ್ನು ಇನ್ನೂ ಹತ್ತಿರದಿಂದ ನೋಡಬಹುದು. ಮಾಡಲೆ, ನೋಡಲೆ ಎಂದು ಧಾತುವಿಗೆ ನೇರವಾಗಿ ಪ್ರತ್ಯಯ ಹಚ್ಚಿ ಆಡುವವರೇ ಬರಲು ಎನ್ನುವುದಕ್ಕೆ ‘ಬಪ್ಪಲೆ’ ಎಂದೂ ಹೋಗಲು ಎನ್ನುವುದಕ್ಕೆ ‘ಹೋಪಲೆ’ ಎಂದೂ ತಿನ್ನಲು ಎನ್ನುವುದಕ್ಕೆ ‘ತಿಂಬಲೆ’ ಎಂದೂ ಹೇಳುತ್ತಾರೆ. ‘ಬರ್ಪ’, ‘ಪೋಪ’ ಎಂಬ ಹಳಗನ್ನಡದ ರೂಪಗಳು ಅಲ್ಲಿ ಅಡಗಿ ಕುಳಿತಿವೆ. ಬರಹದ ಕನ್ನಡ ಅವನ್ನು ಎಂದೋ ಕೈಬಿಟ್ಟಿದ್ದರೂ ಮನೆಯ ಮಾತಿನಲ್ಲಿ ಉಳಿದದ್ದು ಬರುವುದು, ಹೋಗುವುದು, ತಿನ್ನುವುದು ಎಂಬ ಮೂರು ಕೆಲಸಗಳು ದಿನಕ್ಕೆ ನೂರು ಸಲ ಬಾಯಿಗೆ ಬರುವುದರಿಂದ.

ಕಾರವಾರ, ಅಂಕೋಲೆಯ ಕಡೆಯ ಕೊಂಕಣಿಯಲ್ಲಂತೂ ಗೋ–ವೆಂಟ್‌ನ ಪಡಿಯಚ್ಚೇ ಸಿಗುತ್ತದೆ. ಹೋಗುತ್ತಾನೆ ಎನ್ನಲು ‘ವತಾ’, ಹೋದ ಎನ್ನಲು ‘ಗೆಲೊ’. ಒಂದಕ್ಕೂ ಇನ್ನೊಂದಕ್ಕೂ ಧ್ವನಿಯ ಸಂಬಂಧವೇ ಇಲ್ಲ, ಏಕೆಂದರೆ ಎರಡು ಬೇರೆ ಬೇರೆ ಧಾತುಗಳು ಒಂದೇ ಅರ್ಥವನ್ನು ಹಂಚಿಕೊಂಡಿವೆ. ಇಂಗ್ಲಿಷಿನಲ್ಲಿ ನಡೆದದ್ದೂ ಇದೇ: ವೆಂಟ್ ಎಂಬುದು ಮೂಲತಃ ಗೋ ಎಂಬುದರ ರೂಪವಲ್ಲ, ವೆಂಡ್ ಎಂಬ ಬೇರೊಂದು ಕ್ರಿಯಾಪದದ ಭೂತರೂಪ, ಗೋ ತನ್ನ ಹಳೆಯ ಭೂತರೂಪವನ್ನು ಬಿಟ್ಟುಕೊಟ್ಟು ಇದನ್ನು ತನ್ನದಾಗಿಸಿಕೊಂಡಿತು. ಬಿ ಎಂಬುದರ ಆ್ಯಮ್, ಈಸ್, ವಾಸ್, ಬೀನ್ ಎಂಬ ರೂಪಗಳೂ ಹೀಗೆ ಹಲವು ಮೂಲಗಳಿಂದ ಕೂಡಿಬಂದವು. ವತಾ–ಗೆಲೊ ಎಂಬುದನ್ನು ಯಾವ ಪಟ್ಟಿಯೂ ಇಲ್ಲದೆ ಮೂರರ ಹರೆಯದೊಳಗೆ ಕಲಿತ ಕಾರವಾರದ ಹುಡುಗಿಗೆ ಏಳನೆಯ ತರಗತಿಯಲ್ಲಿ ಗೋ–ವೆಂಟ್ ಕಷ್ಟವಾಗುತ್ತದೆಯೆಂದರೆ ಕಷ್ಟದ ಕಾರಣವನ್ನು ಪದದ ಆಕಾರದಲ್ಲಿ ಮಾತ್ರ ಹುಡುಕಿದರೆ ಸಿಗಲಾರದು. ಆಕೆ ಗೆಲೊ ಎಂಬುದನ್ನು ಸಾವಿರಾರು ಸಲ ಕೇಳಿದ್ದಾಳೆ, ವೆಂಟ್ ಎಂಬುದನ್ನು ಪಟ್ಟಿಯಲ್ಲಿ ಹೊರತು ಹೆಚ್ಚು ಕೇಳಿಲ್ಲ.

ಬಳಕೆಯ ಪ್ರಮಾಣಕ್ಕೂ ಅನಿಯಮಿತತೆಗೂ ಇರುವ ಈ ನಂಟನ್ನು ಅಂಕಿಗಳಲ್ಲಿ ಹಿಡಿದ ಅಧ್ಯಯನವೊಂದು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಎರೆಜ್ ಲೀಬರ್‌ಮನ್, ಜಾನ್-ಬ್ಯಾಪ್ಟಿಸ್ಟ್ ಮಿಶೆಲ್ ಮತ್ತು ಸಂಗಡಿಗರು ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನು ಆರಿಸಿಕೊಂಡು ಅವುಗಳ ಹಾದಿಯನ್ನು ಹಿಂಬಾಲಿಸಿದರು. ನಡುಗಾಲದ ಇಂಗ್ಲಿಷಿನ ಹೊತ್ತಿಗೆ 145 ಅನಿಯಮಿತವಾಗಿ ಉಳಿದಿದ್ದವು, ಇಂದು ಉಳಿದಿರುವುದು 98. ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ಅವರು ಬಳಕೆಯ ಪ್ರಮಾಣದ ವರ್ಗಮೂಲಕ್ಕೆ ಜೋಡಿಸಿದರು: ಒಂದು ಕ್ರಿಯಾಪದ ಇನ್ನೊಂದಕ್ಕಿಂತ ನೂರು ಪಟ್ಟು ಅಪರೂಪವಾದರೆ ಅದು ಹತ್ತು ಪಟ್ಟು ಬೇಗ ನಿಯಮಿತವಾಗುತ್ತದೆ. ದಿನವೂ ಅಡಕೆ ಸುಲಿಯುವ ಮೆಟ್ಟುಗತ್ತಿಗೆ ತುಕ್ಕು ಹಿಡಿಯುವುದಿಲ್ಲ ಎಂಬುದಕ್ಕೆ ಅವರು ಗಣಿತದ ರೂಪ ಕೊಟ್ಟರೆನ್ನಬಹುದು. ಇಂಗ್ಲಿಷಿನ ಒಟ್ಟು ಕ್ರಿಯಾಪದಗಳಲ್ಲಿ ಅನಿಯಮಿತವಾದವು ನೂರಕ್ಕೆ ಮೂರರಷ್ಟೂ ಇಲ್ಲ. ಆದರೆ ಅತಿ ಹೆಚ್ಚು ಬಳಕೆಯಾಗುವ ಹತ್ತು ಕ್ರಿಯಾಪದಗಳು ಹತ್ತಕ್ಕೆ ಹತ್ತೂ ಅನಿಯಮಿತವಾದವೇ. ಮುಂದೆ ಸಾಲಿನಿಂದ ಜಾರಿಹೋಗುವ ಪದ ಮದುವೆಯಾಗು ಎಂಬರ್ಥದ ವೆಡ್ ಇರಬಹುದೆಂದೂ ಅವರು ಊಹಿಸಿದರು.

ಈ ಅಧ್ಯಯನವನ್ನು ಹಿಡಿದುಕೊಂಡು ಇಂಗ್ಲಿಷ್ ಹೇಗೂ ನೇರವಾಗುತ್ತ ಸಾಗಿದೆ ಎಂದು ಸಾರುವವರು ಒಂದನ್ನು ಮರೆಯುತ್ತಾರೆ. ಅದು ಹಳೆಯ ಅನಿಯಮಿತ ಪದಗಳನ್ನು ಮಾತ್ರ ಎಣಿಸಿತ್ತು. ನಿಯಮಿತವಾಗಿದ್ದು ಆಮೇಲೆ ಅಡ್ಡದಾರಿ ಹಿಡಿದವುಗಳ ಲೆಕ್ಕ ಅದರಲ್ಲಿ ಬರುವುದಿಲ್ಲ. ಅಂಥವೂ ಇವೆ. ಡಿಗ್ ಎಂಬುದರ ಭೂತರೂಪ 1611ರ ಬೈಬಲ್ ಅನುವಾದದಲ್ಲಿ ಡಿಗ್ಡ್ ಎಂದಿದೆ, ಇಂದು ಡಗ್ ಎನ್ನದೆ ವಿಧಿಯಿಲ್ಲ. ಫ್ರೆಂಚಿನಿಂದ ಬಂದ ಕ್ಯಾಚ್ ಎಂಬುದಕ್ಕೆ ನೇರವಾಗಿರಲು ಯಾವ ಅಡ್ಡಿಯೂ ಇರಲಿಲ್ಲ, ಆದರೂ ಕಾಟ್ ಎಂಬುದನ್ನು ಅಂಟಿಸಿಕೊಂಡಿತು. 2017ರಲ್ಲಿ ಅದೇ ‘ನೇಚರ್’ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಅಮೆರಿಕದ ಇಂಗ್ಲಿಷಿನ ಸುಮಾರು ಎರಡು ಶತಮಾನಗಳ ಬರಹವನ್ನು ಜಾಲಾಡಿ 36 ಕ್ರಿಯಾಪದಗಳನ್ನು ಪರೀಕ್ಷಿಸಿತು. ಹೆಚ್ಚಿನವುಗಳ ಬದಲಾವಣೆ ಕೇವಲ ಆಕಸ್ಮಿಕವಾಗಿ ನಡೆದದ್ದೂ ಆಗಿರಬಹುದು. ಯಾವುದೋ ಒತ್ತಡ ಕೆಲಸ ಮಾಡಿದೆಯೆಂದು ಧೈರ್ಯವಾಗಿ ಹೇಳಬಹುದಾದ ಆರರಲ್ಲಿ ನಾಲ್ಕು ಅನಿಯಮಿತತೆಯ ಕಡೆಗೇ ಸಾಗಿದ್ದವು. ಡೈವ್ಡ್ ಇದ್ದದ್ದು ಡೋವ್, ಸ್ನೀಕ್ಡ್ ಇದ್ದದ್ದು ಸ್ನಕ್, ಲೈಟೆಡ್ ಇದ್ದದ್ದು ಲಿಟ್, ವೇಕ್ಡ್ ಇದ್ದದ್ದು ವೋಕ್ ಆಗುತ್ತ ಬಂದಿವೆ. ಮೋಟಾರು ಬಂದು ಡ್ರೋವ್ ಎಂಬ ಮಾತು ಹೆಚ್ಚಿದ್ದರಿಂದ ಡೋವ್ ಎಂಬುದಕ್ಕೆ ಬಲ ಬಂದಿರಬಹುದೆಂಬ ಅವರ ಊಹೆ ಮೋಜಿನದು, ಅಸಂಭವವಲ್ಲ.

ಹೊಸದಾಗಿ ಹುಟ್ಟುವ ಕ್ರಿಯಾಪದಗಳು ಮಾತ್ರ ಬಹುತೇಕ ನೇರವಾಗಿಯೇ ಹುಟ್ಟುತ್ತವೆ. ಗೂಗಲ್ಡ್, ಟೆಕ್ಸ್‌ಟೆಡ್ ಎನ್ನುವಲ್ಲಿ ಯಾರಿಗೂ ಗೊಂದಲವಿಲ್ಲ. ಕನ್ನಡವೂ ಹೊಸ ಪದವನ್ನು ಒಳಗೆ ಬಿಟ್ಟುಕೊಳ್ಳುವಾಗ ‘ಇಸು’ ಹಚ್ಚಿ ಪ್ರಯತ್ನಿಸಿದ, ಪ್ರಕಟಿಸಿದ ಎನ್ನುತ್ತದೆ, ಇಲ್ಲವೆ ಫೋನ್ ಮಾಡಿದ, ರಿಪೇರಿ ಮಾಡಿದ ಎಂದು ಮಾಡು ಎಂಬುದಕ್ಕೆ ಜೋಡಿಸುತ್ತದೆ.

ಇನ್ನು ಸುಧಾರಣೆಯ ಪ್ರಯತ್ನಗಳ ಮಾತು. ಇಂಗ್ಲಿಷಿಗೆ, ಭಾಷೆಯಲ್ಲಿ ಯಾವುದು ಸರಿಯೆಂದು ತೀರ್ಮಾನಿಸಲು 1635ರಲ್ಲಿ ಹುಟ್ಟಿದ ಫ್ರೆಂಚ್ ಅಕಾಡೆಮಿಯಂಥ ಸಂಸ್ಥೆ ಎಂದೂ ಇರಲಿಲ್ಲ; ಅಪ್ಪಣೆ ಹೊರಡಿಸಲು ಬಾಗಿಲು ಯಾವುದೆಂಬುದೇ ಗೊತ್ತಿಲ್ಲದ ಭಾಷೆ ಅದು. ಆದರೂ ಅಧಿಕಾರದ ಬಲದಿಂದ ಕೈಹಾಕಿದ ಒಂದು ಪ್ರಸಂಗ ಬಹಳ ಪಾಠ ಹೇಳುತ್ತದೆ. ಉದ್ಯಮಿ ಆ್ಯಂಡ್ರೂ ಕಾರ್ನೆಗಿಯ ಹಣದಿಂದ 1906ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಕಾಗುಣಿತ ಸರಳೀಕರಣದ ಮಂಡಳಿಯೊಂದು 300 ಪದಗಳ ಪಟ್ಟಿಯನ್ನು ಕೊಟ್ಟಿತು, ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಸರ್ಕಾರಿ ಮುದ್ರಣಾಲಯ ಅದನ್ನು ಪಾಲಿಸಬೇಕೆಂದು ಅದೇ ವರ್ಷದ ಆಗಸ್ಟ್‌ನಲ್ಲಿ ಆದೇಶಿಸಿದರು. ಪತ್ರಿಕೆಗಳು ನಗಾಡಿದವು, ಡಿಸೆಂಬರ್ ಹೊತ್ತಿಗೆ ಅಮೆರಿಕದ ಸಂಸತ್ತು ಆದೇಶವನ್ನು ತಿರಸ್ಕರಿಸಿತು, ರೂಸ್‌ವೆಲ್ಟ್ ಹಿಂದೆ ಸರಿದರು. ಈ ಕತೆಯನ್ನು ಸೋಲಿನ ಕತೆಯಾಗಿ ಎಲ್ಲರೂ ಹೇಳುತ್ತಾರೆ. ಆ ಪಟ್ಟಿಯಲ್ಲಿ ಏನಿತ್ತು ಎಂಬುದು ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯ. ಕಿವಿಗೆ ಕೇಳಿದಂತೆ ಬರೆಯಬೇಕೆಂಬ ತತ್ತ್ವದಿಂದ ಅವರು ಡ್ರಾಪ್, ಕಿಸ್, ಮಿಕ್ಸ್, ವಿಶ್ ಮೊದಲಾದವುಗಳ ಭೂತರೂಪದ ಕೊನೆಯಲ್ಲಿದ್ದ ‘ಇ-ಡಿ’ಯನ್ನು ತೆಗೆದು ಅಲ್ಲಿ ‘ಟಿ’ ಇಟ್ಟಿದ್ದರು. ಎಂದರೆ ಕಾಗುಣಿತ ಸರಳವಾದರೆ ಭೂತಕಾಲದ ನಿಯಮ ಒಡೆಯುತ್ತದೆ, ಭೂತಕಾಲದ ನಿಯಮ ಉಳಿದರೆ ಕಾಗುಣಿತ ಸುಳ್ಳಾಗುತ್ತದೆ. ಸರಳತೆ ಎಂಬುದು ಒಂದೇ ದಿಕ್ಕಿನಲ್ಲಿಲ್ಲ.

ಸಿ. ಕೆ. ಆಗ್ಡೆನ್ 1930ರಲ್ಲಿ ಪ್ರಕಟಿಸಿದ ‘ಬೇಸಿಕ್ ಇಂಗ್ಲಿಷ್’ ಇನ್ನೊಂದು ಬಗೆಯ ಪ್ರಯತ್ನ. ಪರಭಾಷಿಕರಿಗೆಂದೇ ಇಡೀ ಇಂಗ್ಲಿಷನ್ನು 850 ಪದಗಳಿಗೆ ಇಳಿಸಿ, ಕ್ರಿಯಾಪದಗಳನ್ನು ಕೇವಲ ಹದಿನೆಂಟಕ್ಕೆ ಕಡಿತಗೊಳಿಸಿದ ಆತ ಯಾವ ಹದಿನೆಂಟನ್ನು ಉಳಿಸಿಕೊಂಡ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ: ಕಮ್, ಗೆಟ್, ಗಿವ್, ಗೋ, ಕೀಪ್, ಲೆಟ್, ಮೇಕ್, ಪುಟ್, ಸೀಮ್, ಟೇಕ್, ಬಿ, ಡು, ಹ್ಯಾವ್, ಸೇ, ಸೀ, ಸೆಂಡ್, ಮೇ, ವಿಲ್. ಇದರಲ್ಲಿ ನಿಯಮಿತವಾದದ್ದು ಸೀಮ್ ಒಂದೇ. ಕಲಿಯುವವರಿಗಾಗಿ ಭಾಷೆಯನ್ನು ಎಷ್ಟು ಸೋಸಿದರೂ ಜರಡಿಯಲ್ಲಿ ಉಳಿದದ್ದು ಅನಿಯಮಿತ ಪದಗಳೇ, ಏಕೆಂದರೆ ಅವಿಲ್ಲದೆ ಮಾತು ಸಾಗುವುದಿಲ್ಲ. ಒಂದೂ ಅಪವಾದವಿಲ್ಲದ ಕ್ರಿಯಾಪದಗಳು ಬೇಕೇಬೇಕೆನ್ನುವವರಿಗೆ ಜಾಮೆನ್‌ಹಾಫ್ ಎಂಬಾತ 1887ರಲ್ಲೇ ಎಸ್ಪೆರಾಂಟೊ ಎಂಬ ಕೃತಕ ಭಾಷೆಯನ್ನು ಕಟ್ಟಿಕೊಟ್ಟಿದ್ದಾನೆ. ಅದನ್ನು ಕಲಿತು ನೌಕರಿ ಸಿಗದು ಎಂಬುದೇ ಅದರ ಕೊರತೆ.

ಹಾಗಿದ್ದೂ ನಾಳೆಯಿಂದ ಎಲ್ಲವೂ ನೇರವಾಯಿತೆಂದು ಇಟ್ಟುಕೊಳ್ಳೋಣ. ಶಿರಸಿಯ ಹುಡುಗನೊಬ್ಬ ಬೈ ಎಂಬುದಕ್ಕೆ ಬೈಡ್ ಎಂದೂ ರೈಟ್ ಎಂಬುದಕ್ಕೆ ರೈಟೆಡ್ ಎಂದೂ ಕಲಿಯುತ್ತಾನೆ. ಅವನ ಕೈಗೆ ಸಿಗುವ ಪುಸ್ತಕಗಳು, ನೋಡುವ ಕ್ರಿಕೆಟ್ ವೀಕ್ಷಕ ವಿವರಣೆ, ಬ್ಯಾಂಕಿನ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳು ಮಾತ್ರ ಬಾಟ್, ರೋಟ್ ಎನ್ನುತ್ತಲೇ ಇರುತ್ತವೆ. ಆದ್ದರಿಂದ ಅವನು ಹೊಸದನ್ನೂ ಹಳೆಯದನ್ನೂ ಎರಡನ್ನೂ ಕಲಿಯಬೇಕು. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಮಕ್ಕಳು ಮನೆಯಲ್ಲಿ, ಗೆಳೆಯರಲ್ಲಿ ಹಳೆಯದನ್ನು ಹೇಗೂ ಕೇಳಿ ಕಲಿತಿರುತ್ತಾರೆ. ಶಾಲೆಯನ್ನೇ ನಂಬಿದ ಹಳ್ಳಿಯ ಮಗು ಮಾತ್ರ ‘ಬೈಡ್’ ಎಂದು ಸಂದರ್ಶನದಲ್ಲಿ ಬಾಯಿಬಿಟ್ಟ ಕೂಡಲೇ ಎಲ್ಲಿಂದ ಬಂದದ್ದೆಂದು ಗುರುತಾಗಿಬಿಡುತ್ತದೆ.

ಉಚ್ಚಾರದ ಕಷ್ಟವನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಇ-ಡಿ’ ಎಂಬುದು ಬರೆಯಲು ಒಂದು, ಆಡಲು ಮೂರು: ವಾಕ್, ಹೆಲ್ಪ್ ಎಂಬವುಗಳ ಮುಂದೆ ಟಕಾರ, ಪ್ಲೇ, ಕಾಲ್ ಎಂಬವುಗಳ ಮುಂದೆ ಡಕಾರ, ವಾಂಟ್, ನೀಡ್ ಎಂಬವುಗಳ ಮುಂದೆ ಇಡ್. ಸ್ವರದಿಂದ ಮುಗಿಯುವ ಪದಗಳಿಗೆ ಒಗ್ಗಿಹೋದ ಕನ್ನಡದ ನಾಲಿಗೆಗೆ ಆಸ್ಕ್ ಎಂಬುದರ ಭೂತರೂಪದ ಕೊನೆಯಲ್ಲಿ ಒಂದರ ಮೇಲೊಂದು ಬರುವ ಮೂರು ವ್ಯಂಜನಗಳು ದೊಡ್ಡ ಕಷ್ಟ. ಆದ್ದರಿಂದಲೇ ನಮ್ಮಲ್ಲಿ ವಾಕೆಡ್, ಆಸ್ಕೆಡ್, ಹೆಲ್ಪೆಡ್ ಎಂಬ ಉಚ್ಚಾರಗಳು ತರಗತಿಯಿಂದ ತರಗತಿಗೆ ಹಸ್ತಾಂತರವಾಗುತ್ತ ಬಂದಿವೆ. ರ್‍ಯಾನ್, ಸ್ಯಾಟ್, ಗಾಟ್, ಗೇವ್, ಟುಕ್ ಎಂಬವುಗಳಲ್ಲಿ ಈ ಬಾಧೆಯಿಲ್ಲ. ನೆನಪಿಗೆ ಹೊರೆಯೆನಿಸಿದ ಪದವೇ ನಾಲಿಗೆಗೆ ಹಗುರವಾದದ್ದು.

ಹಾಗಾದರೆ ನಮ್ಮ ಮಕ್ಕಳು ನಿಜವಾಗಿ ಎಡವುವುದೆಲ್ಲಿ? ಉತ್ತರಪತ್ರಿಕೆ ತಿದ್ದಿದ ಯಾವ ಇಂಗ್ಲಿಷ್ ಶಿಕ್ಷಕರನ್ನು ಕೇಳಿದರೂ ‘ಹಿ ಡಿಡ್ ನಾಟ್ ಕೇಮ್’, ‘ಡಿಡ್ ಯು ವೆಂಟ್’ ಎಂಬ ವಾಕ್ಯಗಳ ಉದಾಹರಣೆ ಸಿಗುತ್ತದೆ. ಇಲ್ಲಿ ಮಗುವಿಗೆ ಅನಿಯಮಿತ ರೂಪ ಚೆನ್ನಾಗಿಯೇ ನೆನಪಿದೆ, ನೆನಪಿದ್ದದ್ದೇ ಮುಳುವಾಗಿದೆ. ಕ್ರಿಯಾಪದಗಳನ್ನೆಲ್ಲ ನೇರಗೊಳಿಸಿದರೂ ಅದು ‘ಡಿಡ್ ನಾಟ್ ಕಮ್ಡ್’ ಎಂದು ಬರೆಯುತ್ತದೆಯೇ ಹೊರತು ತಪ್ಪು ತಪ್ಪುವುದಿಲ್ಲ. ಇದನ್ನು ಬಿಡಿಸಲು ಬೇಕಾದ ಸಾಧನ ಮಗುವಿನ ಬಾಯಲ್ಲೇ ಇದೆ. ಬಂದ ಎಂಬುದರ ನಿಷೇಧ ‘ಬರಲಿಲ್ಲ’, ಹೋದ ಎಂಬುದರದು ‘ಹೋಗಲಿಲ್ಲ’, ಕೊಟ್ಟ ಎಂಬುದರದು ‘ಕೊಡಲಿಲ್ಲ’. ಬಂದಲಿಲ್ಲ, ಕೊಟ್ಟಲಿಲ್ಲ ಎಂದು ಯಾವ ಕನ್ನಡದ ಮಗುವೂ ಆಡುವುದಿಲ್ಲ, ಏಕೆಂದರೆ ನಿಷೇಧದ ಪ್ರತ್ಯಯ ಬಂದಾಗ ಧಾತು ತನ್ನ ಮೂಲರೂಪಕ್ಕೆ ಮರಳಬೇಕೆಂಬುದು ಅದಕ್ಕೆ ಹೇಳಿಕೊಡದೆಯೇ ಗೊತ್ತು. ಇಂಗ್ಲಿಷೂ ಹಾಗೆಯೇ ಮಾಡುತ್ತದೆ. ಡಿಡ್ ನಾಟ್ ಬಂದಾಗ ಕೇಮ್ ಎಂಬುದು ಕಮ್ ಎಂಬುದಕ್ಕೆ ಮರಳುತ್ತದೆ. ಕರಿಹಲಗೆಯ ಮೇಲೆ ಎರಡು ಸಾಲುಗಳನ್ನು ಅಕ್ಕಪಕ್ಕ ಬರೆದು ತೋರಿಸಿದರೆ ಹತ್ತು ನಿಮಿಷದ ಕೆಲಸ. ಆದರೆ ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಬಾರದೆಂಬ ಕಟ್ಟುಪಾಡು ಬಹಳ ಕಡೆ ಈ ಹತ್ತು ನಿಮಿಷಕ್ಕೆ ಅಡ್ಡ ನಿಂತಿದೆ.

ಎರಡನೆಯದು ಪಟ್ಟಿಯ ಕ್ರಮ. ತರಗತಿಯ ಗೋಡೆಗೆ ಅಂಟಿಸಿದ ತಖ್ತೆಗಳೂ ವ್ಯಾಕರಣ ಪುಸ್ತಕದ ಕೊನೆಯ ಪುಟಗಳೂ ಸಾಮಾನ್ಯವಾಗಿ ಅಕಾರಾದಿಯಲ್ಲಿ ನಡೆಯುತ್ತವೆ: ಅಬೈಡ್–ಅಬೋಡ್, ಅರೈಸ್–ಅರೋಸ್–ಅರಿಸನ್, ಅವೇಕ್–ಅವೋಕ್–ಅವೋಕನ್. ಹಳ್ಳಿಯ ಮಗು ಮೊದಲ ದಿನ ಎದುರಿಸುವ ಮೂರು ಪದಗಳು ಅದರ ಆಯುಷ್ಯದಲ್ಲಿ ಹೆಚ್ಚು ಸಲ ಬೇಕಾಗದವು. ಇವುಗಳ ಬದಲು ಹೆಚ್ಚು ಬಳಕೆಯ ಐವತ್ತು ಅರವತ್ತು ಪದಗಳನ್ನು ಆರಿಸಿಕೊಂಡು ಒಳಗಿನ ಹೋಲಿಕೆಯಂತೆ ಗುಂಪು ಮಾಡಿದರೆ ಅನಿಯಮಿತದೊಳಗಿನ ನಿಯಮ ಕಣ್ಣಿಗೆ ಬೀಳುತ್ತದೆ. ಬ್ಲೋ, ಗ್ರೋ, ನೋ, ಥ್ರೋ ಒಂದು ಸಾಲು. ಸಿಂಗ್, ರಿಂಗ್, ಡ್ರಿಂಕ್, ಸ್ವಿಮ್, ಬಿಗಿನ್ ಇನ್ನೊಂದು. ಕೀಪ್, ಸ್ಲೀಪ್, ವೀಪ್ ಮತ್ತೊಂದು. ಕಟ್, ಪುಟ್, ಹಿಟ್, ಲೆಟ್, ಶಟ್ ಬದಲಾಗದವರ ಸಾಲು. ಒಂಟಿಯಾಗಿ ಉಳಿಯುವವು ಗೋ, ಬಿ ಮೊದಲಾದ ಕೆಲವೇ ಕೆಲವು. ಕನ್ನಡವನ್ನೂ ಹೀಗೆಯೇ ಗುಂಪು ಮಾಡಬಹುದೆಂಬುದನ್ನು ಮಕ್ಕಳಿಗೆ ತೋರಿಸಿದರೆ ಇನ್ನೂ ಒಳ್ಳೆಯದು: ಇಡು, ಕೊಡು, ಬಿಡು, ಸುಡು, ನೆಡು, ತೊಡು ಎಂಬ ಹ್ರಸ್ವದವುಗಳಿಗೆ ಇಟ್ಟ, ಕೊಟ್ಟ, ಬಿಟ್ಟ ಎಂಬ ದಾರಿ, ನೋಡು, ಮಾಡು, ಓಡು, ಹಾಡು, ಬೇಡು ಎಂಬ ದೀರ್ಘದವುಗಳಿಗೆ ನೋಡಿದ, ಮಾಡಿದ ಎಂಬ ದಾರಿ. ಜೀನ್ ಬರ್ಕೊ ಎಂಬ ವಿದ್ವಾಂಸೆ 1958ರಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳ ಮುಂದೆ ಅರ್ಥವೇ ಇಲ್ಲದ ಹುಸಿಪದಗಳನ್ನಿಟ್ಟು ಭೂತರೂಪ ಕೇಳಿದಾಗ ಮಕ್ಕಳು ತಾವಾಗಿಯೇ ನಿಯಮ ಹಚ್ಚಿದ್ದು ಪ್ರಸಿದ್ಧವಾಗಿದೆ. ಮಾದರಿಯನ್ನು ಹುಡುಕಿ ಹಿಡಿಯುವ ಶಕ್ತಿ ನಮ್ಮ ಮಕ್ಕಳಿಗೇನೂ ಕಡಿಮೆಯಿಲ್ಲ, ಅಕಾರಾದಿ ಪಟ್ಟಿ ಅದಕ್ಕೆ ಕೆಲಸ ಕೊಡುವುದಿಲ್ಲ.

ಮೂರನೆಯದು ಮೌಲ್ಯಮಾಪನದ ಪ್ರಶ್ನೆ, ಇದರಲ್ಲಿ ಮಾತ್ರ ನಾನು ಸುಧಾರಣೆ ಕೇಳುವವರ ಪಕ್ಷದಲ್ಲಿದ್ದೇನೆ. ಲರ್ನ್ಟ್ ಮತ್ತು ಲರ್ನ್ಡ್, ಬರ್ನ್ಟ್ ಮತ್ತು ಬರ್ನ್ಡ್, ಡ್ರೆಮ್ಟ್ ಮತ್ತು ಡ್ರೀಮ್ಡ್ ಎರಡೆರಡೂ ಸರಿ; ಮೊದಲನೆಯವು ಬ್ರಿಟನ್ನಿನ ಕಡೆ ಹೆಚ್ಚು, ಎರಡನೆಯವು ಅಮೆರಿಕದ ಕಡೆ ಹೆಚ್ಚು. ಅಮೆರಿಕದವರ ಗಾಟನ್ ಕೂಡ ತಪ್ಪಲ್ಲ. ನಮ್ಮ ಹಳೆಯ ವ್ಯಾಕರಣ ಪುಸ್ತಕಗಳಲ್ಲಿ ಒಂದೇ ರೂಪವಿದೆಯೆಂಬ ಕಾರಣಕ್ಕೆ ಇನ್ನೊಂದಕ್ಕೆ ಕೆಂಪು ಶಾಯಿಯ ಗೆರೆ ಎಳೆಯುವುದು ಅನ್ಯಾಯ. ಚುನಾವಣೆಯ ದಿನ ಶಾಯಿ ಹಚ್ಚಿದ ಬೆರಳಿನ ಫೋಟೋದ ಕೆಳಗೆ ‘ಕಾಸ್ಟೆಡ್ ಮೈ ವೋಟ್’ ಎಂದು ಬರೆಯುವವರು ಭಾರತದ ತುಂಬ ಸಿಗುತ್ತಾರೆ. ಕಾಸ್ಟ್ ಎಂಬುದು ಕಟ್, ಪುಟ್‌ಗಳ ಸಾಲಿನ ಪದವಾದ್ದರಿಂದ ಶಾಲೆಯ ಲೆಕ್ಕದಲ್ಲಿ ಇದು ತಪ್ಪೇ. ಆದರೆ ಫೋರ್‌ಕಾಸ್ಟೆಡ್ ಎಂಬುದನ್ನು ನಿಘಂಟುಗಳು ಈಗಾಗಲೇ ಒಪ್ಪಿಕೊಂಡಿರುವಾಗ ಕಾಸ್ಟೆಡ್ ಎಂದವನನ್ನು ಅನಕ್ಷರಸ್ಥನಂತೆ ಕಾಣುವ ಅಗತ್ಯವಿಲ್ಲ. ಮಾತನಾಡುವವರು ಅಪರೂಪದ ಪದವೊಂದನ್ನು ನೇರ ಮಾಡಿಕೊಂಡರೆ ಅದು ಹೋಲ್ಪ್ ಎಂಬುದು ಹೆಲ್ಪ್ಡ್ ಆದ ಹಾದಿಯೇ. ಆ ಹಾದಿಯನ್ನು ತುಳಿಯುವ ಹಕ್ಕು ಇಂಗ್ಲೆಂಡಿನ ರೈತನಿಗೆ ಇದ್ದಿದ್ದರೆ ಅಂಕೋಲೆಯವರಿಗೂ ಇದೆ.

ಈ ಹಾದಿಗೆ ಈಗ ಹೊಸ ಕಾವಲುಗಾರನೊಬ್ಬ ಬಂದಿದ್ದಾನೆ. ಫೋನಿನ ಕೀಲಿಮಣೆ, ಕಂಪ್ಯೂಟರಿನ ಪದಪರೀಕ್ಷಕ, ಪ್ರಬಂಧವನ್ನೇ ಬರೆದುಕೊಡುವ ಯಂತ್ರಗಳು ತಮ್ಮಲ್ಲಿ ದಾಖಲಾದ ರೂಪವನ್ನಷ್ಟೇ ಸರಿಯೆನ್ನುತ್ತವೆ, ಉಳಿದದ್ದರ ಅಡಿಗೆ ಕೆಂಪು ಗೆರೆ ಎಳೆಯುತ್ತವೆ. ಮುದ್ರಣವೂ ಹದಿನೆಂಟನೆಯ ಶತಮಾನದ ವ್ಯಾಕರಣಕಾರರೂ ಬದಲಾವಣೆಯ ವೇಗವನ್ನು ಹಿಂದೆ ತಗ್ಗಿಸಿದ್ದರು. ಈ ಯಂತ್ರಗಳು ಬರೆಯುವ ಪ್ರತಿಯೊಬ್ಬನ ಬೆರಳ ತುದಿಯಲ್ಲೇ ಕುಳಿತಿರುವುದರಿಂದ ಅವುಗಳ ಹಿಡಿತ ಇನ್ನೂ ಬಿಗಿಯಾಗಬಹುದೆಂದು ನನಗನಿಸುತ್ತದೆ. ವರ್ಗಮೂಲದ ಲೆಕ್ಕ ಹಾಕಿದವರು ಇಂಥದ್ದೊಂದು ಶಕ್ತಿಯನ್ನು ತಮ್ಮ ಸಮೀಕರಣದಲ್ಲಿ ಸೇರಿಸಿರಲಿಲ್ಲ. ಯಂತ್ರ ಬ್ರಿಟನ್ನಿನ ಇಂಗ್ಲಿಷಿಗೆ ಹೊಂದಿಸಿದ್ದರೆ ಒಂದು ರೂಪವನ್ನು, ಅಮೆರಿಕದ್ದಕ್ಕೆ ಹೊಂದಿಸಿದ್ದರೆ ಇನ್ನೊಂದನ್ನು ತಿದ್ದುತ್ತದೆ. ಅದರಲ್ಲಿ ಯಾವುದನ್ನು ಆರಿಸಿದ್ದೇವೆಂಬುದು ಬಹಳ ಮಂದಿ ಶಿಕ್ಷಕರಿಗೂ ತಿಳಿದಿರುವುದಿಲ್ಲ. ಎಸ್ಸೆಸ್ಸೆಲ್ಸಿ ಮಾದರಿ ಉತ್ತರಗಳಲ್ಲಿ ಎರಡು ರೂಪಗಳಿರುವ ಕ್ರಿಯಾಪದಗಳಿಗೆ ಎರಡನ್ನೂ ಮುದ್ರಿಸಿಬಿಟ್ಟರೆ ಈ ಗೊಂದಲದಲ್ಲಿ ಮಕ್ಕಳ ಅಂಕ ಹೋಗುವುದಾದರೂ ತಪ್ಪುತ್ತದೆ, ಅದಕ್ಕೆ ಇಂಗ್ಲೆಂಡಿನ ಅಪ್ಪಣೆ ಬೇಕಾಗಿಲ್ಲ.